ಮತ ಕೊಟ್ಟವನಿಗೆ ಮರುವಿಚಾರದ ಹಕ್ಕು ಬೇಡವೆ?

2017ರ ಮೇ 24ರ ಸಂಜೆ ಅಮೆರಿಕದ ಮೊಂಟಾನಾ ರಾಜ್ಯದಲ್ಲಿ, ಸಂಸತ್ತಿನ ಪ್ರತಿನಿಧಿ ಸಭೆಯ ಉಪಚುನಾವಣೆಗೆ ನಿಂತಿದ್ದ ಗ್ರೆಗ್ ಜಿಯಾನ್‌ಫೋರ್ಟೆ, ಆರೋಗ್ಯ ಮಸೂದೆಯ ಬಗ್ಗೆ ಪ್ರಶ್ನಿಸಿದ ಪತ್ರಕರ್ತನನ್ನು ನೆಲಕ್ಕೆ ಕೆಡವಿದರು. ಅದೇ ರಾತ್ರಿ ಹಲ್ಲೆಯ ಮೊಕದ್ದಮೆ ದಾಖಲಾಯಿತು. ರಾಜ್ಯದ ಮೂರು ಪ್ರಮುಖ ಪತ್ರಿಕೆಗಳು ಅವರಿಗೆ ಸಾರಿದ್ದ ಬೆಂಬಲವನ್ನು ಹಿಂತೆಗೆದುಕೊಂಡವು. ಮತದಾನ ಮರುದಿನವೇ ಇತ್ತು. ಆದರೆ ಅರ್ಧಕ್ಕಿಂತ ಹೆಚ್ಚು ಮತಗಳು ಅದಾಗಲೇ ಅಂಚೆಯ ಮೂಲಕ ಚುನಾವಣಾ ಕಚೇರಿಗಳನ್ನು ಸೇರಿದ್ದವು. ಪತ್ರಿಕೆಗಳಿಗೆ ದೊರೆತ ಮರುವಿಚಾರದ ಸ್ವಾತಂತ್ರ್ಯ ಆ ಮತದಾರರಿಗೆ ದೊರೆಯಲಿಲ್ಲ. ಜಿಯಾನ್‌ಫೋರ್ಟೆ ಗೆದ್ದರು, ಜೂನ್ ತಿಂಗಳಲ್ಲಿ ನ್ಯಾಯಾಲಯದೆದುರು ತಪ್ಪೊಪ್ಪಿಕೊಂಡರು.

ಮತ ತಿದ್ದಲು ಅವಕಾಶವಿದ್ದಿದ್ದರೆ ಅವರು ಸೋಲುತ್ತಿದ್ದರೆಂದು ಹೇಳಲಾಗದು. 2020ರಲ್ಲಿ ಆ ರಾಜ್ಯದ ಜನ ಎಲ್ಲವನ್ನೂ ಬಲ್ಲವರಾಗಿಯೇ ಅವರನ್ನು ಗವರ್ನರ್ ಆಗಿ ಆರಿಸಿದರು. ಅದು ಅವರ ಇಚ್ಛೆ. ಇಲ್ಲಿ ಕೇಳಬೇಕಾದುದು ಗೆಲುವು ಸೋಲಿನ ಮಾತನ್ನಲ್ಲ. ತಿಳಿದು ತೀರ್ಮಾನಿಸುವ ಅವಕಾಶ ಒಬ್ಬನಿಗುಂಟು, ಮುಂಚಿತವಾಗಿ ಕರ್ತವ್ಯ ಮುಗಿಸಿದ ಇನ್ನೊಬ್ಬನಿಗಿಲ್ಲ, ಇದು ಯಾವ ನ್ಯಾಯ?

ಆಯ್ಕೆಯಾದವರನ್ನು ಹಿಂದಕ್ಕೆ ಕರೆಸಿಕೊಳ್ಳುವ ಹಕ್ಕೊಂದಿದ್ದರೆ ಇದಕ್ಕೆಲ್ಲ ಪರಿಹಾರವಾದೀತೆಂದು ಕೆಲವರು ವಾದಿಸುತ್ತಾರೆ. ಆದರೆ ಸಂಸತ್ ಸದಸ್ಯರನ್ನು ಹಾಗೆ ಕರೆಸಿಕೊಳ್ಳಲು ಅಮೆರಿಕದ ಸಂವಿಧಾನದಲ್ಲಿ ಅವಕಾಶವೇ ಇಲ್ಲ. ಆ ಹಕ್ಕು 1911ರಿಂದಲೂ ಇರುವ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಏನಾಯಿತು? ಗವರ್ನರನ ವಿರುದ್ಧ ಅದನ್ನು ಚಲಾಯಿಸಲು ಹಿಂದಿನ ಚುನಾವಣೆಯಲ್ಲಿ ಆ ಪದವಿಗೆ ಬಿದ್ದ ಮತಗಳ ಶೇಕಡ 12ರಷ್ಟು ಸಹಿ ಬೇಕು. ಅಷ್ಟು ಸಹಿ ಸಂಗ್ರಹಿಸಲು ಹಣವುಳ್ಳವರಿಗಲ್ಲದೆ ಸಾಮಾನ್ಯರಿಗೆ ಸಾಧ್ಯವೆ? 2003ರ ಅಕ್ಟೋಬರ್ 7ರಂದು ಗ್ರೇ ಡೇವಿಸ್ ಅವರನ್ನು ಹೀಗೆ ಪದಚ್ಯುತಗೊಳಿಸಲಾಯಿತು. ಅವರ ಸ್ಥಾನಕ್ಕೆ ಬಂದ ನಟ ಆರ್ನಾಲ್ಡ್ ಶ್ವಾರ್ಜನೆಗರ್ ಮಹಿಳೆಯರೊಡನೆ ಅನುಚಿತವಾಗಿ ವರ್ತಿಸಿದ್ದರೆಂಬ ಆರೋಪಗಳನ್ನು ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಪ್ರಕಟಿಸಿದ್ದು ಅಕ್ಟೋಬರ್ 2ರಂದು! ಅಷ್ಟರಲ್ಲಿ ಹತ್ತು ಲಕ್ಷಕ್ಕೂ ಮಿಗಿಲಾದ ಅಂಚೆ ಮತಗಳು ಬಂದಾಗಿದ್ದವು. ಮದ್ದೆಂದು ತಂದದ್ದಕ್ಕೇ ಅದೇ ರೋಗ ತಗುಲಿತ್ತು.

ಕೊನೆಗಳಿಗೆಯ ಆರೋಪ ಅಪಪ್ರಚಾರವೂ ಆಗಿರಬಹುದು, ಮೊದಲೇ ಮತವಿತ್ತವನು ಅದರಿಂದ ಪಾರಾಗುತ್ತಾನೆ ಎಂಬ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಮತದಾನದ ದಿನ ಸಾಲಿನಲ್ಲಿ ನಿಂತವನಿಗೆ ಆರೋಪವನ್ನೂ ಅದರ ನಿರಾಕರಣೆಯನ್ನೂ ತೂಗಿ ನೋಡುವ ವಿವೇಕವಿದೆಯೆಂದು ನಂಬುವ ಕಾನೂನು, ಮನೆಯಲ್ಲಿ ಕುಳಿತು ಮತಪತ್ರ ತುಂಬಿದವನಲ್ಲಿ ಅದೇ ವಿವೇಕವನ್ನು ಏಕೆ ನಂಬದು?

ಲಕ್ಷಾಂತರ ಲಕೋಟೆಗಳ ನಡುವೆ ಒಬ್ಬನದನ್ನು ಹುಡುಕುವುದು ಅಸಾಧ್ಯವೆಂಬ ಮಾತು ಬರೀ ನೆಪ. ಸ್ವೀಡನ್ ದೇಶದಲ್ಲಿ ಮುಂಗಡವಾಗಿ ಮತವಿತ್ತವರು ಮನಸ್ಸು ಬದಲಿಸಿದರೆ, ಚುನಾವಣೆಯ ದಿನ ತಮ್ಮ ಮತಗಟ್ಟೆಗೆ ಹೋಗಿ ಹೊಸದಾಗಿ ಮತ ಚಲಾಯಿಸಬಹುದು. ಮುಂಗಡ ಮತದ ಲಕೋಟೆ ಸಾಮಾನ್ಯವಾಗಿ ಅದೇ ಮತಗಟ್ಟೆಗೆ ಬಂದಿರುತ್ತದೆ. ಮತದಾನ ಮುಗಿದ ಬಳಿಕ ಅಧಿಕಾರಿಗಳು ಮತದಾರರ ಪಟ್ಟಿ ನೋಡುತ್ತಾರೆ. ಖುದ್ದಾಗಿ ಬಂದು ಮತವಿತ್ತವರ ಹೆಸರಿನ ಲಕೋಟೆಯನ್ನು ತೆರೆಯದೆ ಬದಿಗಿಡುತ್ತಾರೆ.