ಕಾಯಿಸಿದ ಹಾಲು ಮತ್ತು ಕಾಯಿಸಲಾಗದ ಕೊಟ್ಟಿಗೆ

ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹಾಲಿನಲ್ಲಿವೆ ಎಂಬ ಸುದ್ದಿ ಬಂದಾಗಲೆಲ್ಲ ಎರಡು ಸಂಗತಿಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಹಸುವಿಗೆ ಕೊಟ್ಟ ಆ್ಯಂಟಿಬಯಾಟಿಕ್‌ನ ಉಳಿಕೆ ಹಾಲಿಗಿಳಿಯುವುದು ಒಂದು. ಆ ಔಷಧಕ್ಕೆ ಜಗ್ಗದೆ ಉಳಿದ ಬ್ಯಾಕ್ಟೀರಿಯಾ ಹಾಲಿಗೆ ಸೇರುವುದು ಇನ್ನೊಂದು. ಹಾಲು ಉಕ್ಕಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಔಷಧದ ಉಳಿಕೆ ಬಹುಮಟ್ಟಿಗೆ ಹಾಗೆಯೇ ಇರುತ್ತದೆ.

ಎರಡಕ್ಕೂ ಮುಖ್ಯ ಮೂಲ ಕೆಚ್ಚಲು ಬಾವು. ಸ್ಟ್ಯಾಫಿಲೊಕಾಕಸ್ ಆರಿಯಸ್, ಇ. ಕೊಲೈ ಮುಂತಾದವು ಮೊಲೆತೊಟ್ಟಿನ ದ್ವಾರದಿಂದ ಒಳಹೊಕ್ಕು ಈ ರೋಗ ತರುತ್ತವೆ. ಹಾಲು ಒಡೆದಂತೆ ಬರುವವರೆಗೆ ಎಷ್ಟೋ ಸಲ ರೋಗ ಕಣ್ಣಿಗೆ ಬೀಳುವುದಿಲ್ಲ. ಬಿದ್ದಾಗ ಟ್ಯೂಬಿನ ಔಷಧವನ್ನು ನೇರವಾಗಿ ಕೆಚ್ಚಲಿಗೇ ಏರಿಸುತ್ತಾರೆ. ಯಾವ ಬ್ಯಾಕ್ಟೀರಿಯಾ ಎಂದು ಪರೀಕ್ಷಿಸದೆ ಔಷಧ ಆರಿಸುವುದು, ಬಾವು ಇಳಿದ ಕೂಡಲೇ ಅರ್ಧಕ್ಕೆ ನಿಲ್ಲಿಸುವುದು ಸಾಮಾನ್ಯ. ಸೂಕ್ಷ್ಮವಾದವು ಸತ್ತು ಗಟ್ಟಿಯಾದವು ಉಳಿಯುತ್ತವೆ. ಉಳಿದವು ತಮ್ಮ ನಿರೋಧ ಗುಣವನ್ನು ಪ್ಲಾಸ್ಮಿಡ್ ಎಂಬ ಡಿಎನ್ಎ ಉಂಗುರದ ಮೂಲಕ ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು.

ಉಳಿಕೆಯ ಸುಳಿವು ಅಡುಗೆಮನೆಯಲ್ಲೇ ಸಿಗುವುದುಂಟು: ಹೆಪ್ಪು ಹಾಕಿದ ಹಾಲು ಮೊಸರಾಗದೆ ನೀರುನೀರಾಗಿಯೇ ಉಳಿಯುತ್ತದೆ. (ಮೊಸರು ಹೆಪ್ಪುಗಟ್ಟದಿರಲು ಚಳಿಯಂಥ ಬೇರೆ ಕಾರಣಗಳೂ ಇವೆ.) ಭಾರತದ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ಹಾಲಿನ ಸಮೀಕ್ಷೆಯಲ್ಲಿ 6,432 ಮಾದರಿಗಳ ಪೈಕಿ 77ರಲ್ಲಿ, ಅಂದರೆ ಶೇ 1.2ರಲ್ಲಿ, ಆ್ಯಂಟಿಬಯಾಟಿಕ್ ಮಿತಿ ಮೀರಿತ್ತು. ಈ ಅಂಕಿ ಸಮಾಧಾನಕರವೇ. ಆದರೆ ಅದು ಹೇಳುವುದು ಔಷಧದ ಉಳಿಕೆಯನ್ನಷ್ಟೇ. ಉಳಿಕೆಯಿಲ್ಲದ ಹಾಲಿನಲ್ಲೂ ನಿರೋಧಕ ಬ್ಯಾಕ್ಟೀರಿಯಾ ಇರಬಹುದು. ಔಷಧ ದೇಹದಿಂದ ಇಳಿದುಹೋದರೂ ಅದು ಆರಿಸಿ ಉಳಿಸಿದ ತಳಿ ಹೋಗುವುದಿಲ್ಲ.

ಹಾಗಾದರೆ ಅಪಾಯ ಯಾರಿಗೆ? 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಪಾಶ್ಚರೀಕರಿಸಿದ ಹಾಲು, ಮನೆಯಲ್ಲಿ ಉಕ್ಕಿಸಿದ ವರ್ತನೆ ಹಾಲು ಕುಡಿಯುವವರಿಗೆ ಕಡಿಮೆ. ಹಸಿ ಹಾಲು ಕುಡಿಯುವವರಿಗೆ, ಕಾಯಿಸಿದ ಹಾಲನ್ನು ಮತ್ತೆ ಹಸಿ ಹಾಲಿನ ಪಾತ್ರೆಗೇ ಸುರಿಯುವವರಿಗೆ ಹೆಚ್ಚು. ಎಲ್ಲಕ್ಕಿಂತ ಹೆಚ್ಚು ಹಾಲು ಕರೆಯುವವರಿಗೆ, ಸಗಣಿ ಬಾಚುವವರಿಗೆ. ಬ್ರಿಟನ್ನಿನ ಸಂಶೋಧಕರು ಕೆಚ್ಚಲು ಬಾವನ್ನು ಅಧ್ಯಯನ ಮಾಡುತ್ತಿದ್ದಾಗ ಡೇರಿ ಟ್ಯಾಂಕಿನ ಹಾಲಿನಲ್ಲಿ ಮೆಥಿಸಿಲಿನ್ ಎಂಬ ಆ್ಯಂಟಿಬಯಾಟಿಕ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್‌ನ ಹೊಸ ಬಗೆಯೊಂದು ಸಿಕ್ಕಿದ್ದು 2011ರಲ್ಲಿ ಪ್ರಕಟವಾಯಿತು. ಅಂಥದ್ದೇ ಬಗೆ ಮನುಷ್ಯರಲ್ಲೂ ಕಂಡಿತು. ಪಾಶ್ಚರೀಕರಣ ಅದನ್ನು ಕೊಲ್ಲುವುದರಿಂದ ಅಲ್ಲಿ ಚಿಂತೆ ಲೋಟದ ಹಾಲಿನದಾಗಿರಲಿಲ್ಲ, ದನ ಮತ್ತು ಜನರ ಒಡನಾಟದ್ದಾಗಿತ್ತು. ಹಾಲನ್ನು ಕಾಯಿಸಬಹುದು, ಕೊಟ್ಟಿಗೆಯನ್ನು ಕಾಯಿಸಲಾಗದು.

ನಿಯಮಗಳ ಕೊರತೆಯಿಲ್ಲ. ಔಷಧ ಕೊಟ್ಟ ಮೇಲೆ ಎಷ್ಟು ದಿನ ಹಾಲು ಬಿಡಬೇಕೆಂಬ ಅವಧಿ ಆ ಔಷಧಕ್ಕೆ ದೃಢಪಟ್ಟಿರದಿದ್ದರೆ ಕನಿಷ್ಠ 7 ದಿನದ ಹಾಲನ್ನು ಬಳಸಕೂಡದು ಎಂಬ ನಿಯಮ 2012ರಿಂದಲೇ ಇದೆ. 2019ರಲ್ಲಿ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆಂದು ತಯಾರಿಸುವುದನ್ನು, ಮಾರುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಆದರೆ ಎರಡೇ ಹಸು ಕಟ್ಟಿದ ಮನೆಗೆ ಒಂದು ಹಸುವಿನ ಏಳು ದಿನದ ಹಾಲು ಚೆಲ್ಲುವುದೆಂದರೆ ವಾರದ ಆದಾಯದ ಅರ್ಧ ಚೆಲ್ಲಿದಂತೆ. ಆ ನಷ್ಟ ತುಂಬಿಕೊಡುವ ಏರ್ಪಾಡಿಲ್ಲದೆ ದಂಡದ ಭಯ ಮಾತ್ರ ಇದ್ದರೆ ಹಾಲು ಸದ್ದಿಲ್ಲದೆ ಕ್ಯಾನಿಗೆ ಸೇರುತ್ತದೆ, ಅಲ್ಲಿ ಹತ್ತಾರು ಮನೆಗಳ ಹಾಲಿನೊಂದಿಗೆ ಬೆರೆತುಹೋಗುತ್ತದೆ. ಚೆಲ್ಲುವ ಪ್ರಸಂಗವೇ ಬರದಂತೆ ಮಾಡುವ ದಾರಿಯೂ ಇದೆ. ಕರೆಯುವ ಮುಂಚೆ ಕೆಚ್ಚಲು ತೊಳೆದು ಒರೆಸುವುದು, ಕರೆದ ಮೇಲೆ ತೊಟ್ಟನ್ನು ಸೋಂಕುನಿವಾರಕ ದ್ರಾವಣಕ್ಕೆ ಅದ್ದುವುದು, ಮಾರ್ಜಕ ಬೆರೆಸಿದಾಗ ಹಾಲು ಲೋಳೆಯಾಗುವುದೇ ಎಂದು ಕೊಟ್ಟಿಗೆಯಲ್ಲೇ ನೋಡುವ ಅಗ್ಗದ ಪರೀಕ್ಷೆ: ಇವು ಬಾವನ್ನೇ ಕಡಿಮೆ ಮಾಡುತ್ತವೆ. ಬಾವು ಕಡಿಮೆಯಾದಷ್ಟೂ ಟ್ಯೂಬಿನ ಅಗತ್ಯವೂ ಕಡಿಮೆ.