ದ್ವೀಪದ ಟ್ಯಾಕ್ಸಿ, ನಮ್ಮ ಚೌಕಾಸಿ

ತರಕಾರಿ ಕೊಳ್ಳುವಾಗ ಚೌಕಾಸಿ ನಮಗೆ ಸಲೀಸು. ಬದನೆಕಾಯಿಯ ಬೆಲೆ ನಿನ್ನೆ ಎಷ್ಟಿತ್ತು, ಪಕ್ಕದ ಗಾಡಿಯಲ್ಲಿ ಇವತ್ತು ಎಷ್ಟಿದೆ ಎಂಬುದು ಗೊತ್ತಿರುತ್ತದೆ. ಅದೇ ನಾವು ಸಮುದ್ರ ದಾಟಿ ಯಾವುದೋ ದ್ವೀಪದಲ್ಲಿ ಟ್ಯಾಕ್ಸಿಯವರ ಮುಂದೆ ನಿಂತರೆ ಬಾಯಿ ಕಟ್ಟಿಹೋಗುತ್ತದೆ. ಕೆಲವರು ಕೇಳಿದಷ್ಟು ಕೊಟ್ಟು, ಆಮೇಲೆ ಪ್ರವಾಸ ಮುಗಿಯುವವರೆಗೂ ಗೊಣಗುತ್ತಾರೆ. ಇನ್ನು ಕೆಲವರು ‘ಅರ್ಧಕ್ಕೆ ಬರ್ತೀಯಾ’ ಎಂದು ಜಗಳಕ್ಕೇ ನಿಲ್ಲುತ್ತಾರೆ. ಎರಡೂ ಬೇಡ. ಸಂಸಾರ ಸಮೇತ ಅಂಡಮಾನಿಗೆ ಹೋಗಿಬಂದವನಾಗಿ, ರಜೆಗೆ ಹೊರಡುವವರಿಗಾಗಿ ಈ ವಾರ ನಾಲ್ಕು ಮಾತು.

ಮೊದಲು ದ್ವೀಪದ ಸಂಗತಿ ತಿಳಿದಿರಬೇಕು. ಅಲ್ಲಿಗೆ ಪೆಟ್ರೋಲ್, ಟೈರು, ಬಿಡಿಭಾಗ ಎಲ್ಲವೂ ಹಡಗಿನಲ್ಲೇ ಬರಬೇಕು. ಪೋರ್ಟ್ ಬ್ಲೇರ್‌ನಲ್ಲಿ (ಈಗ ಅದರ ಹೆಸರು ಶ್ರೀ ವಿಜಯಪುರಂ) ಗೊತ್ತು ಮಾಡಿದ ಕಾರು ನಮ್ಮ ಜೊತೆ ದೋಣಿ ಹತ್ತಿ ಹ್ಯಾವ್‌ಲಾಕ್‌ಗೆ, ಅಂದರೆ ಸ್ವರಾಜ್ ದ್ವೀಪಕ್ಕೆ, ಬರುವುದಿಲ್ಲ. ಒಂದೊಂದು ದ್ವೀಪಕ್ಕೂ ಅದರದೇ ಟ್ಯಾಕ್ಸಿ, ಅದರದೇ ದರ. ಮಳೆಗಾಲದಲ್ಲಿ ಸಮುದ್ರ ಒರಟಾಗಿ ಪ್ರವಾಸಿಗರು ಕಡಿಮೆಯಾಗುತ್ತಾರೆ. ಉಳಿದ ತಿಂಗಳುಗಳ ದುಡಿಮೆಯಲ್ಲೇ ಅವರು ವರ್ಷವನ್ನು ತೂಗಿಸಬೇಕು.

ಇನ್ನೊಂದು ಗುಟ್ಟು ಸೂರ್ಯನದು. ಅಂಡಮಾನ್ ನಮಗಿಂತ ಬಹಳ ಪೂರ್ವಕ್ಕಿದೆ, ಆದರೆ ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಡಿಸೆಂಬರಿನಲ್ಲಿ ಸಂಜೆ ಐದರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ‘ಇಡೀ ದಿನದ ಬಾಡಿಗೆ’ ಎಂದು ಒಪ್ಪಿಕೊಂಡು, ನಿಧಾನವಾಗಿ ತಿಂಡಿ ತಿಂದು ಹತ್ತೂವರೆಗೆ ಹೊರಟರೆ ಕೈಗೆ ಸಿಗುವುದು ಆರೂವರೆ ಗಂಟೆ. ಅದೇ ದುಡ್ಡಿಗೆ ಬೆಳಿಗ್ಗೆ ಏಳಕ್ಕೆ ಹೊರಟರೆ ಹತ್ತು ಗಂಟೆ! ಚಾಲಕರ ಹತ್ತಿರ ಮಾತಾಡುವ ಮೊದಲು ಮನೆಯವರನ್ನು ಬೇಗ ಎಬ್ಬಿಸುವುದೇ ದೊಡ್ಡ ಉಳಿತಾಯ.

ಅಲ್ಲಿ ದರ ಹೇಳುವುದು ಬಹುಮಟ್ಟಿಗೆ ‘ಪಾಯಿಂಟ್’ ಲೆಕ್ಕದಲ್ಲಿ. ನಮಗೂ ಒಬ್ಬ ಚಾಲಕರು ‘ಏಳು ಪಾಯಿಂಟ್, ಮೂರು ಸಾವಿರ’ ಎಂದರು. ನಾನು ಟಿಪ್ಪಣಿ ಪುಸ್ತಕ ತೆಗೆದು ಏಳನ್ನೂ ಬರೆದುಕೊಂಡೆ. ಅದರಲ್ಲಿ ಒಂದು ರಾಸ್ ದ್ವೀಪ. ಅಲ್ಲಿಗೆ ಹೋಗುವುದು ದೋಣಿಯಲ್ಲಿ, ದೋಣಿಯ ಟಿಕೇಟು ಬೇರೆ, ಕಾರಿನ ಕೆಲಸ ದೋಣಿಕಟ್ಟೆಯವರೆಗೆ ಮಾತ್ರ. ಇನ್ನೆರಡು ನಮಗೆ ಬೇಕಿರಲಿಲ್ಲ. ಉಳಿದದ್ದು ನಾಲ್ಕು: 1883ರಲ್ಲಿ ಶುರುವಾದ ಚಾತಮ್ ಮರ ಕೊಯ್ಯುವ ಕಾರ್ಖಾನೆ, ಸೆಲ್ಯುಲರ್ ಜೈಲು, ಕಾರ್ಬಿನ್ಸ್ ಕೋವ್ ಕಡಲತೀರ, ಸೂರ್ಯಾಸ್ತಕ್ಕೆ ಚಿಡಿಯಾ ಟಾಪು. ಇಷ್ಟಕ್ಕೆ, ಕಾಯುವ ಹೊತ್ತು ಮತ್ತು ಪಾರ್ಕಿಂಗ್ ಸೇರಿ, ಎರಡು ಸಾವಿರದ ನಾನೂರಕ್ಕೆ ಮಾತಾಯಿತು. ಜಗಳವಿಲ್ಲ, ಗಲಾಟೆಯಿಲ್ಲ. ಬೇಡದ್ದನ್ನು ತೆಗೆದದ್ದಷ್ಟೇ.

ಕಾರು ಹೊರಟ ಮೇಲೆ ಐದನೇ ಕ್ಲಾಸಿನ ಮೊಮ್ಮಗಳು ಕೇಳಿದಳು: “ತಾತ, ನಮಗೆ ಆರುನೂರು ಉಳೀತು. ಆ ಅಂಕಲ್‌ಗೆ ಎಷ್ಟು ಉಳಿಯತ್ತೆ?”

ಮಗ, ಸೊಸೆ ನಕ್ಕರು. ನನಗೆ ನಗು ಬರಲಿಲ್ಲ. ಬ್ಯಾಂಕಿನಲ್ಲಿ ಇಷ್ಟು ವರ್ಷ ಜಮಾ, ಖರ್ಚು ಎರಡನ್ನೂ ತಾಳೆ ನೋಡಿಯೇ ಸಂಜೆ ಮನೆಗೆ ಹೋದವನು ನಾನು. ಒಂದೇ ಕಡೆಯ ಕಾಲಮ್ ನೋಡಿ ಲೆಕ್ಕ ಸರಿಯಿದೆ ಎನ್ನಲು ಹೇಗಾಗುತ್ತದೆ? ಅವಳ ಕೈಗೇ ಪೆನ್ಸಿಲ್ ಕೊಟ್ಟೆ. ದಿನದ ಓಡಾಟ ಸುಮಾರು 70 ಕಿಲೋಮೀಟರ್. ಲೀಟರಿಗೆ 14 ಕಿಲೋಮೀಟರ್ ಎಂದರೆ ಐದು ಲೀಟರ್. ಲೆಕ್ಕ ಸುಲಭವಾಗಲೆಂದು ಲೀಟರಿಗೆ ನೂರು ರೂಪಾಯಿ ಹಿಡಿದೆವು, ಐದುನೂರು ಹೋಯಿತು. “ಹಾಗಾದ್ರೆ ಸಾವಿರದ ಒಂಬೈನೂರು ಲಾಭ!” ಎಂದಳು. ಚಾಲಕರನ್ನೇ ಕೇಳಿದೆವು. ಕಾರು ಅವರದಲ್ಲ, ಮಾಲೀಕರದು. ಸಾಲದ ಕಂತು, ವಿಮೆ, ರಿಪೇರಿ ಎಲ್ಲ ಕಳೆದು ಅವರ ಪಾಲಿಗೆ ಬರುವುದು ಆರುನೂರೋ ಏಳುನೂರೋ. ಮಳೆಗಾಲದಲ್ಲಿ ಎಷ್ಟೋ ದಿನ ಅದೂ ಇಲ್ಲ. ನಾನು ಇನ್ನೂ ಐದುನೂರು ಇಳಿಸಿದ್ದರೆ ಅದು ಯಾರ ತಟ್ಟೆಯಿಂದ ಇಳಿಯುತ್ತಿತ್ತು ಎಂಬುದು ಪುಟದ ಮೇಲೆ ಕಾಣುತ್ತಿತ್ತು. ನ್ಯಾಯವಾದ ದರ ಎಂದರೆ ಎರಡೂ ಕಾಲಮ್ಮು ತಾಳೆಯಾಗುವ ದರ.

ಇನ್ನು ಪಾಲಿಸಬೇಕಾದ ಕ್ರಮ ಕೆಲವು. ದರ ಕೇಳುವ ಮುನ್ನ ಎಲ್ಲಿಗೆ, ಎಷ್ಟು ದೂರ, ಎಷ್ಟು ಹೊತ್ತು ಎಂದು ಬರೆದಿಟ್ಟುಕೊಳ್ಳಿ. ಮೂರು ಕಡೆ ವಿಚಾರಿಸಿ: ಇಳಿದುಕೊಂಡ ಹೋಟೆಲಿನಲ್ಲಿ, ಟ್ಯಾಕ್ಸಿ ನಿಲ್ದಾಣದಲ್ಲಿ, ಹಿಂದಿನ ದಿನ ಸುತ್ತಿ ಬಂದ ಪ್ರವಾಸಿಗರಲ್ಲಿ. ದರಪಟ್ಟಿ ಇದ್ದರೆ ತೋರಿಸಿ ಎನ್ನಿ. ಹೇಳಿದ ದರ ತಲೆಗೋ ಕಾರಿಗೋ, ಎ.ಸಿ., ಪಾರ್ಕಿಂಗ್, ಕಾಯುವಿಕೆ ಸೇರಿದೆಯೋ ಎಂದು ಹತ್ತುವ ಮೊದಲೇ ಕೇಳಿ, ಅಂಕಿಯನ್ನು ಕಾಗದದ ಮೇಲೆ ಬರೆದು ಇಬ್ಬರೂ ನೋಡಿ. ಮುಂಗಡ ಸ್ವಲ್ಪ, ಬಾಕಿ ಕೊನೆಗೆ.

ಸ್ವರಾಜ್ ದ್ವೀಪದಲ್ಲಿ ದೋಣಿಕಟ್ಟೆಯಿಂದ ರಾಧಾನಗರ ಕಡಲತೀರಕ್ಕೆ ಹನ್ನೆರಡು ಕಿಲೋಮೀಟರಿನಷ್ಟು ದೂರ. ಸರ್ಕಾರಿ ಬಸ್ಸೂ ಉಂಟು. ಅದರ ಸಮಯ ಗೊತ್ತಿದ್ದರೆ ನಮ್ಮ ಮಾತಿಗೆ ತೂಕ. ಕಾರಾದರೆ ವಾಪಸ್ ಬರುವುದನ್ನೂ ಸೇರಿಸಿಯೇ ಮಾತಾಡಿ. ಕತ್ತಲಾದ ಮೇಲೆ ಮರಳ ಮೇಲೆ ನಿಂತು ಚೌಕಾಸಿ ಮಾಡುವವನಿಗೆ ಬಲವಿರುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಚೌಕಾಸಿಯೇ ಕೂಡದು. ಬಾರಾಟಾಂಗ್ ಕಡೆಗೆ ಹೋಗುವ ರಸ್ತೆ ಜಾರವಾ ಬುಡಕಟ್ಟಿನವರ ಕಾಡಿನ ಮೂಲಕ ಹಾಯುತ್ತದೆ. ಗೊತ್ತಾದ ಸಮಯಕ್ಕೆ ಕಾರುಗಳೆಲ್ಲ ಸಾಲಾಗಿ ಹೋಗಬೇಕು. ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ತಿಂಡಿ ಕೊಡುವಂತಿಲ್ಲ. ಕಾನೂನಿನ ಪ್ರಕಾರ ಅಪರಾಧ. ‘ಇನ್ನೂರು ಹೆಚ್ಚಿಗೆ ಕೊಡ್ತೀನಿ, ಸ್ವಲ್ಪ ನಿಧಾನ ಮಾಡಿ’ ಎಂದು ಚಾಲಕರನ್ನು ಕೇಳುವುದೆಂದರೆ ಅವರ ಅನ್ನಕ್ಕೂ ಕಾಡಿನವರ ಮಾನಕ್ಕೂ ಬೆಲೆ ಕಟ್ಟಿದಂತೆ.

ಮಕ್ಕಳೇ, ಮುಂದಿನ ಪ್ರವಾಸದಲ್ಲಿ ಟಿಪ್ಪಣಿ ಪುಸ್ತಕ ನಿಮ್ಮ ಕೈಯಲ್ಲಿರಲಿ. ಎಡಗಡೆ ನಾವು ಕೊಟ್ಟದ್ದು, ಬಲಗಡೆ ಅವರಿಗೆ ಉಳಿದದ್ದು. ಅಪ್ಪ ಅಮ್ಮ ದರ ಮಾತಾಡುವಾಗ ಆ ಪುಟವನ್ನು ಒಮ್ಮೆ ತೋರಿಸಿ.