ಅಂಗೈಗೆ ಲಿಂಗ ಕೊಟ್ಟವರು ನಕ್ಷೆ ಕೊಡಲಾರೆವೆ?



ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆಯಲ್ಲಿ ಭಾರತದ ನಕ್ಷೆ ಬರೆದು ಸ್ಥಳ ಗುರುತಿಸುವ ಪ್ರಶ್ನೆ ಇರುತ್ತದೆ. ಕಣ್ಣು ಕಾಣದ ಮಕ್ಕಳಿಗೆ ಅದರ ಬದಲು ಬರವಣಿಗೆಯ ಪ್ರಶ್ನೆ ಕೊಡುತ್ತಾರೆ. ಪರೀಕ್ಷೆಯ ಮಟ್ಟಿಗೆ ಇದು ನ್ಯಾಯವೇ. ಅನ್ಯಾಯ ನಡೆಯುವುದು ವರ್ಷವಿಡೀ ತರಗತಿಯಲ್ಲಿ. ಪರೀಕ್ಷೆಗೆ ಬೇಡವಾದದ್ದು ಪಾಠಕ್ಕೂ ಬೇಡ ಎಂದು ಭೂಪಟವನ್ನೇ ಆ ಮಗುವಿನಿಂದ ದೂರ ಇಡುತ್ತೇವೆ. ಉಳಿದ ಮಕ್ಕಳು ಭೂಪಟದ ಮುಂದೆ ನಿಂತಾಗ ಆ ಮಗು ಬೆಂಚಿನ ಮೇಲೆ ಕುಳಿತು ಊರುಗಳ ಹೆಸರನ್ನು ಬಾಯಿಪಾಠ ಮಾಡಬೇಕು. ಇದಕ್ಕೆ ರಿಯಾಯಿತಿ ಎಂದು ಹೆಸರಿಡಬೇಡಿ. ಇದು ಬಹಿಷ್ಕಾರ.

ನಮ್ಮ ಸಮಾಜಕ್ಕೆ ಅಂಧರ ಶಿಕ್ಷಣದ ವಿಷಯದಲ್ಲಿ ದೊಡ್ಡ ಪರಂಪರೆಯಿದೆ. ಹುಟ್ಟುಕುರುಡರಾದ ಪಂಚಾಕ್ಷರಿ ಗವಾಯಿಗಳನ್ನು ಹಾನಗಲ್ಲ ಕುಮಾರ ಸ್ವಾಮಿಗಳು ಕೈಹಿಡಿದು ಬೆಳೆಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ನೂರಾರು ಅಂಧ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ಕೊಟ್ಟಿತು. ಅದಕ್ಕೆ ತಲೆಬಾಗೋಣ. ಆದರೆ ನಾವು ಆ ಪರಂಪರೆಯಿಂದ ಕಲಿತದ್ದೇನು? ಕುರುಡು ಮಗು ಎಂದರೆ ಹಾರ್ಮೋನಿಯಂ, ತಬಲ, ವಚನಗಾಯನ, ಅಲ್ಲಿಗೆ ಮುಗಿಯಿತು. ಪುಟ್ಟರಾಜ ಗವಾಯಿಗಳು ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಗ್ರಂಥ ಬರೆದವರು, ನಾಟಕ ಬರೆದವರು. ಅವರನ್ನು ಬರೀ ಹಾಡುಗಾರರೆಂದು ನೆನೆಯುವವರು ಅವರ ಅರ್ಧ ಸಾಧನೆಯನ್ನು ಮರೆತವರು.

ಇನ್ನೊಂದು ರೋಗ ಇದಕ್ಕಿಂತ ಹಳೆಯದು. ಕುರುಡುತನ ಪೂರ್ವಜನ್ಮದ ಕರ್ಮಫಲ ಎಂಬ ಮಾತನ್ನು ಲಿಂಗ ಕಟ್ಟಿದವರ ಬಾಯಲ್ಲೂ ಕೇಳುತ್ತೇವೆ. ಕರ್ಮಸಿದ್ಧಾಂತವನ್ನು ಶರಣರು ತಳ್ಳಿಹಾಕಿದರು ಎಂದು ವೇದಿಕೆಯಲ್ಲಿ ಭಾಷಣ ಮಾಡಿ, ಮನೆಗೆ ಬಂದು ಆ ಮಗುವನ್ನು ನೋಡಿ ಅಯ್ಯೋ ಪಾಪ ಎನ್ನುವುದು ಯಾವ ಬಸವತತ್ತ್ವ? ಕನಿಕರ ಸುಲಭ. ಕಲಿಸುವುದು ಕಾಯಕ.

ಯಾಕೆ ಸಮಾಜ ವಿಜ್ಞಾನವೇ ಎಂದು ಕೇಳಬಹುದು. ಊರು, ನದಿ, ಕಾನೂನು, ಸರ್ಕಾರ, ಚರಿತ್ರೆ ಇವನ್ನು ಕಲಿಸುವ ಪಾಠ ಅದೊಂದೇ. ಮತಯಂತ್ರದ ಗುಂಡಿಗಳ ಪಕ್ಕದಲ್ಲಿ ಬ್ರೈಲ್ ಅಂಕಿಗಳಿವೆ. ಅದನ್ನು ಓದಲು ಬಾರದವನು, ಓದಿದರೂ ಪಂಚಾಯಿತಿ ಯಾವುದು ವಿಧಾನಸಭೆ ಯಾವುದು ಎಂದು ತಿಳಿಯದವನು ಇನ್ನೊಬ್ಬರ ಕೈಹಿಡಿದೇ ವೋಟು ಹಾಕಬೇಕು. ಎಲ್ಲರಿಗೂ ಮಾತಿನ ಹಕ್ಕು ಕೊಟ್ಟ ಅನುಭವ ಮಂಟಪದ ವಾರಸುದಾರರು ನಾವು. ಮಾತಾಡಲು ಬೇಕಾದ ತಿಳಿವಳಿಕೆಯನ್ನೇ ಕೊಡದೆ ಮಾತಿನ ಹಕ್ಕು ಕೊಟ್ಟೆವು ಎಂದರೆ ಯಾರು ನಂಬಬೇಕು?

ಮೊಬೈಲ್ ಎಲ್ಲವನ್ನೂ ಓದಿ ಹೇಳುತ್ತದಲ್ಲ ಎನ್ನುತ್ತಾರೆ. ಅಕ್ಷರವನ್ನು ಓದುತ್ತದೆ, ಗೆರೆಯನ್ನು ಓದುವುದಿಲ್ಲ. ಮುಳ್ಳಯ್ಯನಗಿರಿ 1930 ಮೀಟರು ಎಂದು ಸಾವಿರ ಸಲ ಕೇಳಿದರೂ ಎತ್ತರ ಅರ್ಥವಾಗದು. ಬೆರಳಿಗೆ ಸಿಗಬೇಕು.

ಇದು ಕಷ್ಟದ ಕೆಲಸವಲ್ಲ. ಎಂಜಿನಿಯರ್ ಆಗಿ ಲೆಕ್ಕ ಹಾಕಿಯೇ ಹೇಳುತ್ತೇನೆ. ಸರ್ವೆ ಇಲಾಖೆಯ 1:50,000 ಅಳತೆಯ ನಕ್ಷೆಯಲ್ಲಿ 1 ಕಿಲೋಮೀಟರು ಎಂದರೆ 2 ಸೆಂಟಿಮೀಟರು. 100 ಮೀಟರು ಎತ್ತರ ಎಂದರೆ 2 ಮಿಲಿಮೀಟರು. ನೂರು ಮೀಟರಿಗೊಂದು ಕಾಂಟೂರ್ ಗೆರೆ ಹಿಡಿದು 2 ಮಿಲಿಮೀಟರು ದಪ್ಪದ ರಟ್ಟು ಕತ್ತರಿಸಿ, ಒಂದರ ಮೇಲೊಂದು ಅಂಟಿಸಿದರೆ ಬೆಟ್ಟ ಎದ್ದು ನಿಲ್ಲುತ್ತದೆ. ಚಿಕ್ಕಮಗಳೂರು ಪೇಟೆಯಿಂದ ಮುಳ್ಳಯ್ಯನಗಿರಿ ಹೆಚ್ಚುಕಡಿಮೆ ಒಂದು ಗೇಣು ದೂರ, ಎಂಟು ರಟ್ಟು ಎತ್ತರ. ಹೊಳೆಗೆ ಸೆಣಬಿನ ದಾರ, ಊರಿಗೊಂದು ಕಾಳುಮೆಣಸು ಸಾಕು.

ಅದರ ಮೇಲೆ ಬೆರಳಾಡಿಸಿದ ಮಗುವಿಗೆ ಮಲೆನಾಡಿನ ಗುಟ್ಟೇ ತಿಳಿಯುತ್ತದೆ. ಮೂಡಿಗೆರೆ ಸೀಮೆಯಲ್ಲಿ ಹುಟ್ಟುವ ಹೇಮಾವತಿ ಪೂರ್ವಕ್ಕೆ ಹರಿದು ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ. ಕಳಸದ ಪಕ್ಕ ಹರಿಯುವ ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಕೂಡಿ ಕೃಷ್ಣೆಗೆ ಹೋಗುತ್ತದೆ. ಕುದುರೆಮುಖ ಸಾಲಿನ ನೇತ್ರಾವತಿ ಘಟ್ಟ ಇಳಿದು ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಮುಟ್ಟುತ್ತದೆ. ಒಂದೇ ಮಳೆ, ಎರಡು ಕಡಲು. ಇದನ್ನು ಕಣ್ಣಿದ್ದ ಎಷ್ಟು ಮಕ್ಕಳು ಬಲ್ಲರು? ಆ ರಟ್ಟಿನ ನಕ್ಷೆ ಇಡೀ ತರಗತಿಗೆ ಪಾಠವಾಗುತ್ತದೆ.

ಚರಿತ್ರೆಗೂ ಇದೇ ದಾರಿ. ನೂರು ವರ್ಷಕ್ಕೊಂದು ಗೇಣಿನಂತೆ ಹಗ್ಗಕ್ಕೆ ಗಂಟು ಹಾಕಿ. ಕಲ್ಯಾಣಕ್ರಾಂತಿಯಿಂದ ಇಂದಿಗೆ ಎಂಟೂವರೆ ಗೇಣು. ಸಂವಿಧಾನ ಜಾರಿಗೆ ಬಂದ 1950ರಿಂದ ಇಂದಿಗೆ ಮುಕ್ಕಾಲು ಗೇಣು. ಅಸಮಾನತೆಯ ಹಗ್ಗ ಎಷ್ಟು ಉದ್ದ, ಸಮಾನತೆಯ ತುಂಡು ಎಷ್ಟು ಚಿಕ್ಕದು ಎಂದು ಕೈಗೇ ಗೊತ್ತಾಗುತ್ತದೆ. ಹೊಯ್ಸಳರ ಮೂಲಸ್ಥಳ ಅಂಗಡಿ ಮೂಡಿಗೆರೆ ತಾಲ್ಲೂಕಿನಲ್ಲೇ ಇದೆ. ಆ ಮಗುವನ್ನು ಅಲ್ಲಿಗೆ ಕರೆದೊಯ್ದು ಕಲ್ಲು ಮುಟ್ಟಿಸಿ.

ಕಾನೂನೂ ನಮ್ಮ ಕಡೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯವಿರುವ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸಾಧನಗಳನ್ನು ಉಚಿತವಾಗಿ ಕೊಡಬೇಕೆನ್ನುತ್ತದೆ. ಸರ್ಕಾರವನ್ನು ಕೇಳೋಣ, ಬಿಡುವುದು ಬೇಡ. ಆದರೆ ವಿಶೇಷ ಶಿಕ್ಷಕರು ಬ್ಲಾಕಿನ ಶಾಲೆಗಳನ್ನೆಲ್ಲ ಸುತ್ತಬೇಕು. ಕಳಸದ ಮಳೆಯಲ್ಲಿ, ಎಸ್ಟೇಟಿನ ಲೈನ್ ಮನೆಯ ಮಗುವಿನ ಬಳಿಗೆ ಅವರು ವಾರವಾರ ಬರುವರೆಂದು ಕಾಯುತ್ತ ಕೂರಲಾಗದು.

ಮಠಗಳನ್ನೇ ಕೇಳುತ್ತೇನೆ. ಅಡ್ಡಪಲ್ಲಕ್ಕಿಗೆ, ಬೆಳ್ಳಿ ಸಿಂಹಾಸನಕ್ಕೆ, ಆಳೆತ್ತರದ ಫ್ಲೆಕ್ಸಿಗೆ ಹಣವಿದೆ. ರಟ್ಟಿಗೆ, ಅಂಟಿಗೆ, ಬ್ರೈಲ್ ಹಾಳೆಗೆ ಇಲ್ಲವೆ? ಪ್ರತಿ ಮಠದ ಶಾಲೆಯಲ್ಲಿ ಮುಟ್ಟಿ ಓದುವ ನಕ್ಷೆಗಳಿರಲಿ. ಒಬ್ಬ ಶಿಕ್ಷಕರಾದರೂ ಬ್ರೈಲ್ ಕಲಿಯಲಿ. ಆರು ಚುಕ್ಕೆಗಳ ಲಿಪಿ, ಬ್ರಹ್ಮವಿದ್ಯೆಯಲ್ಲ. ನಿವೃತ್ತ ಎಂಜಿನಿಯರುಗಳು, ಸರ್ವೆಯರುಗಳು, ಬಡಗಿಗಳು ತಿಂಗಳಿಗೆರಡು ದಿನ ಈ ಕಾಯಕಕ್ಕೆ ಕೊಡಲಿ. ಎಷ್ಟು ಮಕ್ಕಳಿದ್ದಾರೆ ಎಂದು ತಲೆ ಎಣಿಸುವವರಿಗೆ ಒಂದೇ ಉತ್ತರ: ಒಂದೇ ಮಗು ಇದ್ದರೂ ದಾಸೋಹ ದಾಸೋಹವೇ.

ಗರ್ಭಗುಡಿಯ ದೂರದ ದರ್ಶನವನ್ನು ಬಿಡಿಸಿ ದೇವರನ್ನು ಅಂಗೈಗೆ ತಂದುಕೊಟ್ಟ ಧರ್ಮ ನಮ್ಮದು. ಗೋಡೆಯ ಮೇಲಿನ ಭೂಪಟವನ್ನು ಕೆಳಗಿಳಿಸಿ ಆ ಮಗುವಿನ ಅಂಗೈಗೆ ಕೊಡುವುದು ಅದಕ್ಕಿಂತ ದೊಡ್ಡ ಕೆಲಸವೇನಲ್ಲ.